ಎರಡನೇ ಮಾಲೆಗೆ ಸಿಗ್ನಲ್ ಯಾಕೆ ತಲುಪುತ್ತಿಲ್ಲ?

ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳು ಹೊರಟರೆ ಜನ ಬೆಳಗಿನ ಜಾವದವರೆಗೂ ಚಳಿಯಲ್ಲಿ ನಿಂತು ನೋಡುತ್ತಾರೆ. ದೇವರಷ್ಟೇ ಲೈಟಿಂಗೂ ಅವರನ್ನು ನಿಲ್ಲಿಸಿಕೊಳ್ಳುತ್ತದೆ. ಒಂದೊಂದು ಬಲ್ಬೂ ತನ್ನಷ್ಟಕ್ಕೆ ಬಣ್ಣ ಬದಲಿಸುವ ಪಿಕ್ಸೆಲ್ ಲೈಟು ಈಗ ಮನೆಗಳಿಗೂ ಬಂದಿದೆ. ಡಿಸೆಂಬರ್ ಬಂತೆಂದರೆ ಹೋಂಸ್ಟೇಗಳ ಅಂಗಳದಲ್ಲಿ, ಕ್ರಿಸ್‌ಮಸ್ ಆಚರಿಸುವ ಮನೆಗಳ ಜಗಲಿಯಲ್ಲಿ ಇವು ಮಿನುಗುತ್ತವೆ.

ಜೊತೆಗೆ ಒಂದು ತಲೆನೋವೂ ಬಂದಿದೆ. ಜಗಲಿಯ ಮಾಲೆ ಚೆನ್ನಾಗಿ ಉರಿಯುತ್ತದೆ. ಅದರ ತುದಿಯಿಂದ ವೈರ್ ಎಳೆದು ಅಂಗಳದಾಚೆಯ ಸಿಲ್ವರ್ ಓಕ್ ಮರಕ್ಕೆ ಸುತ್ತಿದ ಎರಡನೇ ಮಾಲೆ ಮಾತ್ರ ಕತ್ತಲು. ಇಲ್ಲವೇ ಹುಚ್ಚು ಹಿಡಿದ ಹಾಗೆ ಬಣ್ಣ ಬಣ್ಣಕ್ಕೆ ಮಿನುಗುತ್ತದೆ. ಎಲ್ಲರೂ ಎರಡನೇ ಮಾಲೆಯನ್ನೇ ಬೈದು ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಪಾಪ, ಎಷ್ಟೋ ಸಲ ಅದರಲ್ಲಿ ದೋಷವೇ ಇರುವುದಿಲ್ಲ.

ಹಳೇ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಹೋದರೆ ಇಡೀ ಸರ ಆರುತ್ತಿತ್ತು. ಅಲ್ಲಿ ಕಡಿಯುತ್ತಿದ್ದದ್ದು ಕರೆಂಟಿನ ದಾರಿ. ಪಿಕ್ಸೆಲ್ ಮಾಲೆಯಲ್ಲಿ ಕರೆಂಟು ಎಲ್ಲ ಬಲ್ಬಿಗೂ ಬೇರೆ ಬೇರೆಯಾಗಿಯೇ ಹೋಗುತ್ತದೆ. ಬಲ್ಬಿನಿಂದ ಬಲ್ಬಿಗೆ ದಾಟಬೇಕಾದ್ದು ಸುದ್ದಿ. ಹೆಚ್ಚಿನ ಮಾಲೆಗಳಲ್ಲಿ ಮೂರು ವೈರ್ ಇರುತ್ತವೆ: ಪ್ಲಸ್, ಗ್ರೌಂಡ್ (ಅಂದರೆ ಮೈನಸ್), ಡೇಟಾ. ಡಬ್ಲ್ಯೂಎಸ್ 2812 ಜಾತಿಯ ಬಲ್ಬಿನ ಒಳಗೆ ಒಂದು ಪುಟ್ಟ ಚಿಪ್ ಕೂತಿರುತ್ತದೆ. ಊಟದ ಪಂಕ್ತಿಯಲ್ಲಿ ಪ್ರಸಾದದ ತಟ್ಟೆ ದಾಟಿಸುವ ಹಾಗೆ, ಅದು ಬಂದ ಸಿಗ್ನಲ್‌ನಲ್ಲಿ ಮೊದಲ 24 ಬಿಟ್ (ಸೊನ್ನೆ, ಒಂದುಗಳ ಸಾಲು) ತನಗೆ ಇಟ್ಟುಕೊಂಡು ಉಳಿದದ್ದನ್ನು ಮುಂದಿನವರಿಗೆ ಕಳಿಸುತ್ತದೆ. ಸುಮ್ನೆ ಕಳಿಸುವುದಿಲ್ಲ, ಹೊಸದಾಗಿ ತಿದ್ದಿ ಬರೆದು ಕಳಿಸುತ್ತದೆ. ಮಾಲೆ ಎಷ್ಟೇ ಉದ್ದವಾದರೂ ಸಿಗ್ನಲ್ ಸವೆಯದಿರುವುದು ಇದರಿಂದಲೇ.

ಹಾಗಾಗಿ ಸಿಗ್ನಲ್‌ಗೆ ಕಷ್ಟ ಬರುವುದು ಬಲ್ಬಿಲ್ಲದ ಕಡೆ. ಯಾವ ಬಲ್ಬಿಗೆ ಯಾವ ಬಣ್ಣ ಎಂದು ಹೇಳುವ ಕಂಟ್ರೋಲರ್‌ನಿಂದ ಮೊದಲ ಬಲ್ಬಿನವರೆಗೆ, ಆಮೇಲೆ ಒಂದು ಮಾಲೆಯ ಕೊನೆಯಿಂದ ಇನ್ನೊಂದರ ಶುರುವಿನವರೆಗೆ. ಅಲ್ಲಿ ತಿದ್ದಿ ಬರೆಯುವವರು ಯಾರೂ ಇಲ್ಲ, ಬರೀ ವೈರು.

ಬರೀ ವೈರಿನಲ್ಲಿ ಏನಾಗುತ್ತದೆ? ಒಂದು ಬಿಟ್‌ಗೆ ಸಿಗುವ ಸಮಯ ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದೂಕಾಲು ಭಾಗ, ಅಂದರೆ 1.25 ಮೈಕ್ರೋಸೆಕೆಂಡ್. ಅದರೊಳಗೆ ವೋಲ್ಟೇಜು ಸುಮಾರು 0.4 ಮೈಕ್ರೋಸೆಕೆಂಡ್ ಮೇಲಿದ್ದರೆ ಸೊನ್ನೆ, 0.8ರಷ್ಟಿದ್ದರೆ ಒಂದು. ಇಷ್ಟು ಚಿಕ್ಕ ಅಂತರದಲ್ಲಿ ಉದ್ದ ವೈರು ಸಿಗ್ನಲ್‌ನ ಚೂಪು ಅಂಚನ್ನು ಮೊಂಡು ಮಾಡುತ್ತದೆ. ಆಚೆ ತುದಿಗೆ ಬಡಿದ ಸಿಗ್ನಲ್ ವಾಪಸ್ ಓಡಿ ಬಂದು ತನ್ನ ಮೇಲೆ ತಾನೇ ಬೀಳುತ್ತದೆ. ಅದರ ಅಲುಗಾಟವನ್ನು ಚಿಪ್ ಇನ್ನೊಂದು ಬಿಟ್ ಎಂದು ಎಣಿಸಿಬಿಟ್ಟರೆ ಮುಗೀತು, ಅಲ್ಲಿಂದ ಮುಂದೆ ಎಲ್ಲರ ಲೆಕ್ಕವೂ ಒಂದು ಮನೆ ಸರಿಯುತ್ತದೆ. ಕೆಂಪು ಬೇಕಾದ ಕಡೆ ಹಸಿರು, ಹಸಿರಿನ ಕಡೆ ಇನ್ನೇನೋ. ಆ ಹುಚ್ಚು ಮಿನುಗಾಟ ಇದೇ. ವೈರು ಎರಡು ಮೂರು ಮೀಟರ್ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅಂಗಳ ದಾಟಿಸುವಷ್ಟು ಎಳೆದರೆ ಅದೃಷ್ಟದ ಮಾತು.

ಹಾಗಾದರೆ ಕತ್ತಲಾದಾಗ ಹುಡುಕುವುದೆಲ್ಲಿ? ಕತ್ತಲು ಶುರುವಾದ ಬಲ್ಬನ್ನಷ್ಟೇ ಅಲ್ಲ, ಅದರ ಹಿಂದೆ ಚೆನ್ನಾಗಿ ಉರಿಯುತ್ತಿರುವ ಕೊನೆಯ ಬಲ್ಬನ್ನೂ ಅನುಮಾನಿಸಬೇಕು. ಅದು ತಾನು ಉರಿದರೂ ಮುಂದೆ ಕಳಿಸುವ ಬಾಯಿ ಕೆಟ್ಟಿರಬಹುದು. ಎರಡನೇ ಮಾಲೆಯನ್ನು ಬಿಚ್ಚಿ ಕಂಟ್ರೋಲರ್‌ಗೇ ನೇರ ಸಿಕ್ಕಿಸಿ ನೋಡಿ. ಉರಿದರೆ ಅದು ನಿರಪರಾಧಿ. ಹಾಗೇ ಮಾಲೆಯ ಮೇಲಿನ ಬಾಣದ ಗುರುತನ್ನೂ ನೋಡಿ. ಡೇಟಾ ಒಂದೇ ದಿಕ್ಕಿಗೆ ಹೋಗುತ್ತದೆ, ಮಾಲೆ ಉಲ್ಟಾ ಆಗಿದ್ದರೆ ಏನು ಮಾಡಿದರೂ ಉರಿಯುವುದಿಲ್ಲ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ, ಯಾಕೆಂದರೆ ಸಲಕರಣೆಯೇ ಬೇಡ. ಕಂಟ್ರೋಲರ್‌ನಲ್ಲಿ ಬೆಳಕನ್ನು ತೀರಾ ಕಡಿಮೆ ಮಾಡಿ. ಕಾಟ ನಿಂತರೆ ಅನುಮಾನ ಪವರ್ ಕಡೆಗೆ, ನಿಲ್ಲದಿದ್ದರೆ ಡೇಟಾ ಕಡೆಗೆ. ಬೆಳಕು ಕಮ್ಮಿಯಾದರೆ ಎಳೆಯುವ ಕರೆಂಟು ಇಳಿಯುತ್ತದೆ, ಬಿಟ್‌ಗಳ ವೇಗ ಮಾತ್ರ ಅಷ್ಟೇ ಇರುತ್ತದೆ, ಅಲ್ವಾ?

ಪವರ್ ಮತ್ತು ಡೇಟಾ ಸೇರಿ ಮಾಡುವ ಒಂದು ಕಿತಾಪತಿಯನ್ನು ಇಲ್ಲಿ ಹೇಳಲೇಬೇಕು. 5 ವೋಲ್ಟಿನ ಮಾಲೆಯಲ್ಲಿ ಇಂಥ ಒಂದು ಬಲ್ಬು ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. 50 ಬಲ್ಬಿಗೆ 3 ಆಂಪಿಯರ್. ತೆಳ್ಳಗಿನ ವೈರಿನಲ್ಲಿ ಅಷ್ಟು ಹರಿದರೆ ಮಾಲೆಯ ಬಾಲದಲ್ಲಿ ವೋಲ್ಟೇಜು ಕುಸಿಯುತ್ತದೆ. ನೀಲಿ, ಹಸಿರಿಗೆ ಮೂರರ ಆಸುಪಾಸು ವೋಲ್ಟು ಬೇಕು, ಕೆಂಪಿಗೆ ಎರಡಾದರೆ ಸಾಕು. ಅದಕ್ಕೇ ಬಾಲದ ಬಿಳಿ ಬಣ್ಣ ಕೆಂಪಗೆ ತಿರುಗುವುದು. ಇದನ್ನು ನೋಡಿ ಕೆಲವರು ಎರಡನೇ ಮಾಲೆಗೆ ಹೊಸ ಸಪ್ಲೈ ಕೊಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅಷ್ಟಕ್ಕೇ ಬಿಟ್ಟರೆ ಕಾಟ ಇನ್ನೂ ಜಾಸ್ತಿಯಾಗಬಹುದು!

ಕಾರಣ ಇಷ್ಟೇ. ಚಿಪ್ ತನ್ನ ಸಪ್ಲೈ ವೋಲ್ಟೇಜಿನ 70 ಶೇಕಡಾಕ್ಕಿಂತ ಮೇಲೆ ಬಂದದ್ದನ್ನು ಮಾತ್ರ ಖಾತ್ರಿಯಾಗಿ ‘ಒಂದು’ ಎಂದು ಓದುತ್ತದೆ. 5 ವೋಲ್ಟ್ ಸಿಕ್ಕ ಎರಡನೇ ಮಾಲೆ 3.5 ವೋಲ್ಟಿನ ಸಿಗ್ನಲ್ ಕೇಳುತ್ತದೆ. ಮೊದಲ ಮಾಲೆಯ ಕೊನೆಯ ಬಲ್ಬೋ, ಮೂರೂವರೆಗಿಂತಲೂ ಕಡಿಮೆ ವೋಲ್ಟಿನಲ್ಲಿ ಏದುಸಿರು ಬಿಡುತ್ತಿದೆ. ತನಗೇ ಸಿಗದ ವೋಲ್ಟೇಜನ್ನು ಅದು ಮುಂದಕ್ಕೆ ಕೊಡುವುದೆಲ್ಲಿಂದ? ಮೊದಲ ಮಾಲೆಯ ಬಾಲಕ್ಕೂ ಪವರ್ ಕೊಟ್ಟರೆ ಇದು ಸರಿಹೋಗುತ್ತದೆ. ಎರಡು ಬೇರೆ ಬೇರೆ ಸಪ್ಲೈ ಇದ್ದರೆ ಅವುಗಳ ಗ್ರೌಂಡ್ ಸೇರಿಸಲೇಬೇಕು, ಪ್ಲಸ್ ಸೇರಿಸುವುದು ಬೇಡ. ಗ್ರೌಂಡ್ ಒಂದಾಗದೆ ಮೂರೂವರೆ ವೋಲ್ಟು ಅಂದರೆ ಎಲ್ಲಿಂದ ಎಣಿಸಿದ ಮೂರೂವರೆ ಎಂಬುದೇ ಚಿಪ್‌ಗೆ ತಿಳಿಯುವುದಿಲ್ಲ. ಇಎಸ್‌ಪಿ 32 ಥರದ 3.3 ವೋಲ್ಟಿನ ಕಂಟ್ರೋಲರ್‌ಗಳಿಗೂ ಇದೇ ತೊಂದರೆ. ಎಷ್ಟೋ ಸಲ ನಡೆದುಹೋಗುತ್ತದೆ, ಒಂದು ದಿನ ಕೈಕೊಡುತ್ತದೆ. 74ಎಚ್‌ಸಿಟಿ 125 ಎಂಬ ಅಗ್ಗದ ಚಿಪ್ ನಡುವೆ ಹಾಕಿದರೆ ಸಿಗ್ನಲ್ 5 ವೋಲ್ಟಿಗೆ ಏರುತ್ತದೆ.

ಕೊಡಗಿನಲ್ಲಿ ಇದಕ್ಕೆಲ್ಲ ಮೊದಲು ನೋಡಬೇಕಾದ್ದು ಕನೆಕ್ಟರ್. ದಸರೆಯ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಡಿಸೆಂಬರಿನಲ್ಲಿ ರಾತ್ರಿಯಿಡೀ ಇಬ್ಬನಿ. ಸ್ವಿಚ್ ಆರಿಸಿ ಕೀಲನ್ನು ಬಿಚ್ಚಿ ನೋಡಿ. ಒಳಗೆ ಹಿತ್ತಾಳೆಯ ಪಿನ್ ಮಂಕಾಗಿ, ತಾಮ್ರದ ಎಳೆಗೆ ಹಸಿರು ಪುಡಿ ಮೆತ್ತಿಕೊಂಡಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಬರೀ ಇನ್ಸುಲೇಷನ್ ಟೇಪು ಸುತ್ತಿದರೆ ನೀರು ಒಳಗೇ ಉಳಿದು ಇನ್ನೂ ಕೆಡುತ್ತದೆ. ಹಾಳಾದ ತುದಿ ಕತ್ತರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಸವರಿದ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಏರಿಸಿದರೆ ಬಾಳಿಕೆ ಬರುತ್ತದೆ. ಕೀಲಿನ ಹಿಂದೆ ವೈರನ್ನು ಸ್ವಲ್ಪ ಕೆಳಕ್ಕೆ ಜೋಲಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಅಂಗಳ ದಾಟಲೇಬೇಕು ಅನ್ನುವವರಿಗೆ ಎರಡು ದಾರಿ. ಉದ್ದ ವೈರಿನ ನಡುವೆ ಒಂದೇ ಒಂದು ಪಿಕ್ಸೆಲ್ ಸೇರಿಸಿ, ಅದನ್ನು ಉರಿಸದೆ ಕಪ್ಪಾಗಿಯೇ ಇಡುವುದು. ಅದರ ಕೆಲಸ ಸಿಗ್ನಲ್ ತಿದ್ದಿ ಮುಂದೆ ಕಳಿಸುವುದಷ್ಟೇ. ಆದರೆ ಕಂಟ್ರೋಲರ್‌ನ ಎಣಿಕೆಯಲ್ಲಿ ಅದಕ್ಕೂ ಒಂದು ಜಾಗ ಬಿಡಬೇಕು, ಇಲ್ಲದಿದ್ದರೆ ಮರದ ಮೇಲಿನ ಚಿತ್ರ ಒಂದು ಬಲ್ಬು ಸರಿಯುತ್ತದೆ. ಕಾಫಿ ಕಣದಾಚೆಯ ಗೋದಾಮಿನವರೆಗೆ ಹೋಗಬೇಕಾದರೆ ಆರ್‌ಎಸ್ 485 ಬೋರ್ಡುಗಳ ಜೋಡಿ ಬೇಕು. ಇದು ಹೆಣೆದ ಎರಡು ವೈರಿನಲ್ಲಿ ಒಂದೇ ಸಿಗ್ನಲನ್ನು ಒಂದರಲ್ಲಿ ನೇರ, ಇನ್ನೊಂದರಲ್ಲಿ ಉಲ್ಟಾ ಕಳಿಸುತ್ತದೆ. ದಾರಿಯಲ್ಲಿ ಸೇರುವ ಗಲಾಟೆ ಎರಡಕ್ಕೂ ಒಂದೇ ಥರ ಸೇರುವುದರಿಂದ ಆಚೆ ತುದಿಯಲ್ಲಿ ಕಳೆದರೆ ಉಳಿಯುವುದು ಸಿಗ್ನಲ್ ಮಾತ್ರ. ಇಂಟರ್‌ನೆಟ್‌ಗೆ ಎಳೆಯುವ ಕ್ಯಾಟ್ 5 ಕೇಬಲ್ ಇದಕ್ಕೆ ಸಾಕು. ಮನೆಯಲ್ಲಿ ಒಂದು ಸುರುಳಿ ಮಿಕ್ಕಿದ್ದರೆ ಹೊಸದು ಕೊಳ್ಳಬೇಕಿಲ್ಲ.