‘ಇಚ್ಚಿತ್ತ’ದಲ್ಲಿ ಎರಡು ಅಂದ್ರೆ ಯಾವ ಎರಡು?

ಮೊನ್ನೆ ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ರಾಜಕೀಯ ಮಾತಾಡುತ್ತಿದ್ದರು. ‘ಬೆಳಿಗ್ಗೆ ಒಂದ್ ಪಾರ್ಟಿ, ಸಂಜಿಗೆ ಇನ್ನೊಂದು. ಆಯಪ್ಪಂಗೆ ಸ್ಕಿಜೋಫ್ರೇನಿಯಾ ಐತಿ ಬಿಡು’ ಅಂದ ಒಬ್ಬ. ಅದಕ್ಕೆ ಸ್ಕಿಜೋಫ್ರೇನಿಯಾ ಅನ್ನಲ್ಲ ಮಾರಾಯ, ಪಕ್ಷಾಂತರ ಅಂತಾರೆ. ಬಾಯಲ್ಲಿ ಮಿರ್ಚಿ ಇತ್ತು, ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಅವನೊಬ್ಬನದಲ್ಲ, ಅರ್ಧ ತಪ್ಪು ಹೆಸರಿನದೇ. ಸ್ಕಿಜೋಫ್ರೇನಿಯಾ ಒಂದು ಮನೋರೋಗ. ಕನ್ನಡದಲ್ಲಿ ಇದಕ್ಕೆ ‘ಛಿದ್ರಮನಸ್ಕತೆ’ ಅಂತಲೂ ‘ಇಚ್ಚಿತ್ತ ವಿಕಲತೆ’ ಅಂತಲೂ ಬರೆಯುತ್ತಾರೆ. ಇಚ್ಚಿತ್ತ ಅಂದರೆ ಇರ್ ಮತ್ತು ಚಿತ್ತ. ಇಮ್ಮಡಿ, ಇಕ್ಕೆಲ, ಇತ್ತಂಡ ಇದ್ದ ಹಾಗೆ. ಇಚ್ಛೆಗೂ ಇದಕ್ಕೂ ಸಂಬಂಧ ಇಲ್ಲ, ದಯವಿಟ್ಟು ‘ಇಚ್ಛಿತ್ತ’ ಅಂತ ಬರೆಯಬೇಡಿ. ಪದ ಚೆನ್ನಾಗಿದೆ, ಕಿವಿಗೆ ಹಿತವಾಗಿದೆ, ಆದರೆ ಕೇಳಿದವರಿಗೆಲ್ಲ ಒಂದು ಮೈಯಲ್ಲಿ ಇಬ್ಬರು ಮನುಷ್ಯರು ಕೂತಿರುವ ಚಿತ್ರವೇ ಬರುತ್ತದೆ. ಸಿನಿಮಾದವರು ಕಣ್ಣು ಕೆಂಪಗೆ ಮಾಡಿಸಿ ದನಿ ಬದಲಾಯಿಸಿ ಅದನ್ನು ಇನ್ನೂ ಗಟ್ಟಿ ಮಾಡಿದ್ದಾರೆ. ಒಬ್ಬರಲ್ಲಿ ಬೇರೆ ಬೇರೆ ವ್ಯಕ್ತಿತ್ವ ಕಾಣಿಸುವ ತೊಂದರೆ ಬೇರೆಯದೇ ಇದೆ. ಅದಕ್ಕೆ ಬೇರೆ ಹೆಸರೂ ಇದೆ.

ಮೂಲಕ್ಕೆ ಹೋದರೆ ಗೊಂದಲ ಅರ್ಥವಾಗುತ್ತದೆ. ಮೊದಲು ಜರ್ಮನಿಯ ಮನೋವೈದ್ಯ ಕ್ರೆಪೆಲಿನ್ ಈ ರೋಗವನ್ನು ‘ಡಿಮೆನ್ಷಿಯಾ ಪ್ರಿಕಾಕ್ಸ್’ ಅಂತ ಕರೆಯುತ್ತಿದ್ದರು. ನಮ್ಮ ಮಾತಲ್ಲಿ ಹೇಳಬೇಕೆಂದರೆ ಅರವತ್ತಕ್ಕೆ ಬರಬೇಕಾದ ಅರಳು ಮರಳು ಇಪ್ಪತ್ತಕ್ಕೇ ಬಂದಂತೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಇದನ್ನು ಒಪ್ಪಲಿಲ್ಲ. ಎಲ್ಲರಿಗೂ ಎಳೆ ವಯಸ್ಸಿನಲ್ಲೇ ಬರಲ್ಲ, ಎಲ್ಲರ ಬುದ್ಧಿಯೂ ಕೆಡುತ್ತಾ ಹೋಗಲ್ಲ ಅನ್ನೋದು ಅವರ ವಾದ. 1908ರಲ್ಲಿ ಬರ್ಲಿನ್ನಿನ ಒಂದು ಉಪನ್ಯಾಸದಲ್ಲಿ ಅವರು ಹೊಸ ಹೆಸರು ಮುಂದಿಟ್ಟರು. ಗ್ರೀಕಿನಲ್ಲಿ ‘ಸ್ಕಿಜೈನ್’ ಅಂದರೆ ಸೀಳು, ‘ಫ್ರೆನ್’ ಅಂದರೆ ಮನಸ್ಸು. ಫ್ರೆನ್‌ಗೆ ಎದೆ ಹೊಟ್ಟೆ ನಡುವಿನ ಪರೆ, ಅಂದರೆ ವಪೆ ಅನ್ನುವ ಅರ್ಥವೂ ಇದೆ, ಹಳೇ ಗ್ರೀಕರಿಗೆ ಮನಸ್ಸು ಇದ್ದದ್ದು ಅಲ್ಲೇ. ನಗಬೇಡಿ, ನಮ್ಮಲ್ಲೂ ಕಿಚ್ಚು ಹೊಟ್ಟೆಯಲ್ಲೇ ಅಲ್ವಾ ಇರೋದು.

ಸೀಳು ಅಂದಾಗ ಬ್ಲಾಯ್ಲರ್ ಹೇಳಿದ್ದು ಇಬ್ಬರು ಮನುಷ್ಯರ ಮಾತಲ್ಲ. ಯೋಚನೆ, ಭಾವನೆ, ಕೆಲಸ ಮಾಡುವ ಮನಸ್ಸು ಇವು ಒಂದಕ್ಕೊಂದು ಜೊತೆ ಬಿಡುವುದು. ಎತ್ತು ಏರಿಗೆ, ಕೋಣ ನೀರಿಗೆ. ಸಾವಿನ ಸುದ್ದಿ ಹೇಳುತ್ತಾ ಮುಖದಲ್ಲಿ ನಗು. ಒಂದು ಮಾತಿಗೂ ಮುಂದಿನ ಮಾತಿಗೂ ನಡುವಿನ ಎಳೆ ಕಡಿದಿರುವುದು. ಅದೂ ಒಂದೇ ರೋಗ ಅಂತ ಅವರಿಗೆ ಖಾತ್ರಿ ಇರಲಿಲ್ಲ, 1911ರ ತಮ್ಮ ಪುಸ್ತಕದ ಹೆಸರಲ್ಲೇ ‘ಸ್ಕಿಜೋಫ್ರೇನಿಯಾಗಳ ಗುಂಪು’ ಅಂತ ಬಹುವಚನ ಹಾಕಿದ್ದರು. ಆ ಬಹುವಚನ ಎಲ್ಲೋ ಉದುರಿಹೋಯಿತು, ಸೀಳು ಮಾತ್ರ ಉಳಿಯಿತು. ಜಪಾನಿನವರ ಪದದಲ್ಲೂ ಹೀಗೇ ‘ಸೀಳಿದ ಮನಸ್ಸು’ ಇತ್ತು, 2002ರಲ್ಲಿ ಅದನ್ನು ತೆಗೆದು ‘ಒಗ್ಗೂಡುವಿಕೆಯ ತೊಂದರೆ’ ಅನ್ನುವ ಅರ್ಥದ ಪದ ತಂದರು. ಆಮೇಲೆ ರೋಗದ ಹೆಸರನ್ನು ರೋಗಿಗೇ ಹೇಳುವ ವೈದ್ಯರು ಅಲ್ಲಿ ಜಾಸ್ತಿ ಆದರು. ಕೊರಿಯಾದವರು ಇನ್ನೂ ಚೆಂದ ಮಾಡಿದರು, ತಂತಿ ವಾದ್ಯದ ಶ್ರುತಿ ಸರಿಮಾಡುವ ಮಾತಿನಿಂದ ಹೆಸರು ಕಟ್ಟಿದರು. ನಾವು ಇನ್ನೂ ಛಿದ್ರದಲ್ಲೇ ಇದ್ದೇವೆ.

ಎರಡನೇ ಕಿರಿಕಿರಿ ಸ್ಕ್ಯಾನ್‌ದು. ನಮ್ಮ ಓಣಿಯ ಒಬ್ಬ ಹುಡುಗನಿಗೆ ಈ ಕಾಯಿಲೆ ಇದೆ. ಎಂಆರ್‌ಐ ಆಯಿತು. ಮನೆಗೆ ಬಂದವರೊಬ್ಬರು ಆ ಕಪ್ಪು ಫಿಲ್ಮನ್ನು ಕಿಟಕಿಗೆ ಹಿಡಿದು, ತಲೆಕೆಳಗಾಗಿಯೇ ಹಿಡಿದು, ‘ರಿಪೋರ್ಟ್ ನಾರ್ಮಲ್ ಐತಲ್ಲ, ಸುಮ್ನೆ ನಾಟಕ ಮಾಡ್ತಾನ’ ಅಂತ ತೀರ್ಪು ಕೊಟ್ಟರು. ಸ್ಕ್ಯಾನ್ ಮಾಡಿಸುವುದು ಗಡ್ಡೆಯೋ ಇನ್ನೇನೋ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಸ್ಕಿಜೋಫ್ರೇನಿಯಾ ಅದರಲ್ಲಿ ಮಚ್ಚೆ ಥರ ಕಾಣಲ್ಲ.

ಹಾಗಾದರೆ ಸ್ಕ್ಯಾನ್ ಇಟ್ಟುಕೊಂಡು ಸಂಶೋಧನೆ ಮಾಡ್ತಾರಲ್ಲ, ಅದೇನು? ಅದು ಗುಂಪಿನ ಲೆಕ್ಕ. 1976ರಲ್ಲಿ ಲಂಡನ್ನಿನಲ್ಲಿ ಈವ್ ಜಾನ್‌ಸ್ಟೋನ್ ತಂಡ ಬಹಳ ವರ್ಷಗಳಿಂದ ಈ ರೋಗ ಇದ್ದ 17 ಜನರ ಸಿಟಿ ಸ್ಕ್ಯಾನ್ ತೆಗೆದಾಗ, ಮೆದುಳಿನೊಳಗಿನ ದ್ರವ ತುಂಬಿದ ಕುಹರಗಳು ರೋಗ ಇಲ್ಲದವರಿಗಿಂತ ದೊಡ್ಡದಾಗಿ ಕಂಡವು. ಆಮೇಲಿನ ಅಧ್ಯಯನಗಳಲ್ಲೂ ಸರಾಸರಿಯಲ್ಲಿ ವ್ಯತ್ಯಾಸ ಸಿಕ್ಕಿದೆ. ಸರಾಸರಿ ಅನ್ನುವ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಚಿತ್ರದುರ್ಗಕ್ಕಿಂತ ಶಿವಮೊಗ್ಗದಲ್ಲಿ ಮಳೆ ಜಾಸ್ತಿ, ಯಾರಿಗೆ ಗೊತ್ತಿಲ್ಲ? ಆದರೆ ‘ನಿನ್ನೆ 12 ಮಿಲಿಮೀಟರ್ ಮಳೆ ಬಂತು, ಯಾವೂರು ಹೇಳಿ’ ಅಂದರೆ ಹೇಳೋಕಾಗುತ್ತಾ? ಒಬ್ಬರ ಸ್ಕ್ಯಾನ್ ಅಷ್ಟೇ.

ಇನ್ನು ಪೇಪರಿನಲ್ಲಿ ಬರುವ ಕೆಂಪು ಹಳದಿ ಮೆದುಳಿನ ಚಿತ್ರಗಳು. ಅದು ಯೋಚನೆಯ ಫೋಟೋ ಅಲ್ಲ. ಮೆದುಳು ಕೆಲಸ ಮಾಡುತ್ತಿರುವಾಗ ತೆಗೆಯುವ ಎಂಆರ್‌ಐ, ಅಂದರೆ ಎಫ್‌ಎಂಆರ್‌ಐ, ನೋಡುವುದು ರಕ್ತದಲ್ಲಿನ ಆಮ್ಲಜನಕದ ಏರುಪೇರನ್ನು. ಬಣ್ಣ ಕಂಪ್ಯೂಟರ್ ಹಚ್ಚಿದ್ದು. 1995ರಲ್ಲಿ ಫ್ರಿಸ್ಟನ್ ಮತ್ತು ಫ್ರಿತ್ ಎಂಬ ಮೆದುಳಿನ ಸಂಶೋಧಕರು, ತೊಂದರೆ ಮೆದುಳಿನ ಯಾವುದೋ ಒಂದು ಜಾಗದ್ದಲ್ಲ, ಜಾಗಗಳ ನಡುವಿನ ಸಂಪರ್ಕದ್ದು ಇರಬಹುದು ಅಂದರು. ಬ್ಲಾಯ್ಲರ್ ಹೇಳಿದ ಕಡಿದ ಎಳೆ ನೆನಪಾಗುತ್ತದಲ್ವಾ?

ಮೆಷಿನ್‌ಗಿಂತ ನನಗೆ ಹತ್ತಿರ ಅನಿಸುವುದು ಕಾರ್ಡಿನ ಪರೀಕ್ಷೆ. ಹೆಸರು ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್. ಎದುರಿಗೆ ನಾಲ್ಕು ಕಾರ್ಡು, ಕೈಯಲ್ಲಿ ಒಂದು ಕಟ್ಟು. ಒಂದೊಂದೇ ತೆಗೆದು ಹೊಂದಿಸಿಡಬೇಕು. ಬಣ್ಣ ನೋಡಿಯೋ, ಆಕಾರ ನೋಡಿಯೋ, ಎಣಿಕೆ ನೋಡಿಯೋ ಅಂತ ಯಾರೂ ಹೇಳಲ್ಲ. ಸರಿ, ತಪ್ಪು, ಅಷ್ಟೇ ಹೇಳುತ್ತಾರೆ. ಸತತ 10 ಸರಿಯಾದ ಮೇಲೆ ಸದ್ದಿಲ್ಲದೆ ನಿಯಮ ಬದಲಾಗುತ್ತದೆ. ಈ ರೋಗ ಇರುವ ಅನೇಕರಿಗೆ ಹಳೇ ನಿಯಮ ಬಿಡುವುದು ಕಷ್ಟ, ತಪ್ಪು ತಪ್ಪು ಅಂದರೂ ಕೈ ಅಲ್ಲಿಗೇ ಹೋಗುತ್ತದೆ. ಇದೂ ಸರಾಸರಿ ಮಾತೇ, ಇದರಿಂದಲೂ ರೋಗ ಇಂಥದ್ದೇ ಅಂತ ಹೇಳಲಾಗದು. ಆದರೆ ಇಂಥ ಪರೀಕ್ಷೆಗಳಿಂದ ಗಮನ, ನೆನಪು, ಲೆಕ್ಕಾಚಾರದ ತೊಂದರೆ ಎಷ್ಟಿದೆ ಅಂತ ತಿಳಿಯುತ್ತದೆ. ಈ ರೋಗದಲ್ಲಿ ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ಕೇಳುವ ದನಿಗಳಿಗೆ ಮಾತ್ರೆ ಕೆಲಸ ಮಾಡುವಷ್ಟು ಈ ತೊಂದರೆಗೆ ಮಾಡಲ್ಲ, ಹಾಗಾಗಿ ದನಿ ನಿಂತ ಮೇಲೂ ಇದು ಉಳಿಯಬಹುದು. ಜನ ಇದನ್ನೇ ಸೋಮಾರಿತನ ಅನ್ನೋದು.

ಆ ಹುಡುಗನನ್ನು ಅಂಗಡಿಗೆ ಕಳಿಸಿದರೆ ಮೂರು ಸಾಮಾನು ಹೇಳಿದ್ದಕ್ಕೆ ಒಂದು ತಂದು ಬೈಸಿಕೊಳ್ಳುತ್ತಿದ್ದ. ಈಗ ಅವರಮ್ಮ ಚೀಟಿ ಬರೆದು ಜೇಬಿಗೆ ಹಾಕುತ್ತಾರೆ. ಕಡ್ಲೆಬೇಳೆ, ಬೆಲ್ಲ, ಎರಡು ಸೇರು ಮಂಡಕ್ಕಿ. ಮೂರೂ ಬರುತ್ತವೆ.