ಫ್ರೆಂಚ್‌ನಲ್ಲಿ ಒತ್ತು ಎಲ್ಲಿ ಬೀಳುತ್ತದೆ?

ಇಂಗ್ಲಿಷ್ ಕಲಿಯುವಾಗ ಪ್ರತಿ ಪದದ ಒತ್ತನ್ನೂ ಬಾಯಿಪಾಠ ಮಾಡಬೇಕು. 'ರೆಕಾರ್ಡ್' ನಾಮಪದವಾದರೆ ಮೊದಲ ಸಿಲಬಲ್‌ಗೆ (ಒಟ್ಟಿಗೆ ಉಚ್ಚರಿಸುವ ಪದದ ತುಣುಕಿಗೆ) ಒತ್ತು, ಕ್ರಿಯಾಪದವಾದರೆ ಎರಡನೆಯದಕ್ಕೆ. ಫ್ರೆಂಚ್‌ನಲ್ಲಿ ಈ ತಲೆನೋವಿಲ್ಲ. ಒತ್ತು ಕೊನೆಯ ಸಿಲಬಲ್‌ಗೆ, ಅಷ್ಟೇ. ಆದರೆ ಯಾವುದರ ಕೊನೆ? ಪದದ್ದಲ್ಲ, ಒಟ್ಟಿಗೆ ಹೇಳುವ ಪದಗುಂಪಿನದು.

'ಅಮಿ' ಅಂದರೆ ಗೆಳೆಯ. ಅದೊಂದನ್ನೇ ಹೇಳಿದರೆ 'ಮಿ' ಮೇಲೆ ಒತ್ತು. 'ಒಬ್ಬ ಗೆಳೆಯ' ಅನ್ನಲು 'ಆಂ-ನ-ಮಿ'. ಆಗಲೂ 'ಮಿ' ಮೇಲೆಯೇ. 'ಒಬ್ಬ ಫ್ರೆಂಚ್ ಗೆಳೆಯ' ಅಂದರೆ 'ಆಂ-ನ-ಮಿ-ಫ್ರಾಂ-ಸೆ'. ಈಗ ಒತ್ತು 'ಸೆ' ಮೇಲೆ, 'ಮಿ' ಸುಮ್ನೆ ಹಾದುಹೋಗುತ್ತದೆ. ಒತ್ತು ಅಂದರೆ ಜೋರಾಗಿ ಹೇಳುವುದು ಅಂದುಕೊಳ್ಳಬೇಡಿ. ಇಲ್ಲಿ ಮುಖ್ಯವಾಗಿ ಆ ಸಿಲಬಲ್ ಸ್ವಲ್ಪ ಉದ್ದವಾಗುತ್ತದೆ.

ಒತ್ತು ಕೊನೆಗೆ ಬೀಳುವುದು ಲ್ಯಾಟಿನ್‌ನಿಂದ ಬಂದ ಬಳುವಳಿ. ಒಳ್ಳೆಯತನಕ್ಕೆ ಲ್ಯಾಟಿನ್‌ನಲ್ಲಿ 'ಬೊನಿತಾತೆಮ್', ಒತ್ತು 'ತಾ' ಮೇಲೆ. ಕಾಲ ಕಳೆದಂತೆ 'ತಾ' ಆಚೆಗಿನದು ಸವೆದುಹೋಗಿ 'ಬೋಂತೆ' ಉಳಿಯಿತು. ಒತ್ತು ಜಾಗ ಬಿಡಲಿಲ್ಲ, ಬಾಲವೇ ಉದುರಿತು.

ಇನ್ನು ಸಿಲಬಲ್ ಒಡೆಯುವ ರೀತಿ. ಫ್ರೆಂಚರಿಗೆ ಸ್ವರದಲ್ಲಿ ಮುಗಿಯುವ ಸಿಲಬಲ್ ಇಷ್ಟ. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನದಕ್ಕೆ ಸೇರುತ್ತದೆ: 'ಕ-ಮ-ರಾದ್'. ಎರಡು ವ್ಯಂಜನವಿದ್ದರೆ ಸಾಮಾನ್ಯವಾಗಿ ಆಚೆಗೊಂದು ಈಚೆಗೊಂದು: 'ಪಾರ್-ತೀರ್'. ಆದರೆ 'ಪ', 'ಬ', 'ಕ', 'ಗ'ದಂಥವುಗಳ ನಂತರ 'ಲ' ಅಥವಾ 'ರ' ಬಂದರೆ ಜೋಡಿ ಒಡೆಯುವುದಿಲ್ಲ: 'ತ-ಬ್ಲೊ'. ನಮ್ಮ ನಾಲಿಗೆ ಇಲ್ಲೇ ಎಡವುವುದು. ನಾವು 'ತಬ್-ಲೊ' ಅಂತೇವೆ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುವುದೂ ಹೀಗೆ ಒಡೆಯುವುದರಿಂದಲೇ, ಅಲ್ವಾ?

ಪದದ ಗಡಿಯೂ ಲೆಕ್ಕಕ್ಕಿಲ್ಲ. 'ಅವೆಕ್ ಎಲ್' (ಅವಳ ಜೊತೆ) ಬಾಯಲ್ಲಿ 'ಅ-ವೆ-ಕೆಲ್' ಆಗುತ್ತದೆ. ಬಹುವಚನದ ನಾಮಪದದ ಮುಂದೆ ಬರುವ 'ಲೆ' ಎಂಬ ಪದದ ಕೊನೆಯಲ್ಲಿ ಬರೆದೂ ಉಚ್ಚರಿಸದ 'ಸ' ಇದೆ. ಮುಂದೆ ಸ್ವರ ಬಂದರೆ ಅದು 'ಜ' ಆಗಿ ಎದ್ದು ಕೂರುತ್ತದೆ: 'ಲೆ-ಜ-ಮಿ', ಗೆಳೆಯರು. ಹೊಸಬರಿಗೆ ಫ್ರೆಂಚ್ ಮಾತು ಒಂದೇ ಉದ್ದ ಪದದಂತೆ ಕೇಳುವುದು ಇದರಿಂದಲೇ.

ಒಂದು ಅಪವಾದವಿದೆ. ಖುಷಿಯೋ ಸಿಟ್ಟೋ ಜಾಸ್ತಿಯಾದಾಗ 'ಫೊರ್-ಮಿ-ದಾಬ್ಲ್' (ಅದ್ಭುತ) ಪದದ 'ಫೊರ್' ಮೇಲೂ ಒತ್ತು ಬೀಳುತ್ತದೆ. ಆಗಲೂ ಕೊನೆಯ 'ದಾಬ್ಲ್' ತನ್ನ ಉದ್ದವನ್ನು ಬಿಟ್ಟುಕೊಡುವುದಿಲ್ಲ.