ಬಿಷಪ್ಪರ ಅರಮನೆಯಲ್ಲಿ ನರ್ತಕಿಯರಿಗೇನು ಕೆಲಸ?

ಪ್ರಶ್ನೆ: ಮಗಳು ಫ್ರಾನ್ಸಿನ ತುಲೂಸ್‌ನಲ್ಲಿದ್ದಾಳೆ. ಹತ್ತಿರದ ಆಲ್ಬಿಯಲ್ಲಿ ಹಳೇ ಬಿಷಪ್ಪರ ಅರಮನೆ ಇದೆ, ನೋಡಿ ಬರೋಣ ಎನ್ನುತ್ತಾಳೆ. ಒಳಗಿರುವುದು ಮಾತ್ರ ಪ್ಯಾರಿಸ್ಸಿನ ಕ್ಯಾಬರೆ ನರ್ತಕಿಯರ ಚಿತ್ರಗಳಂತೆ! ಧರ್ಮಗುರುಗಳ ಮನೆಗೆ ಇವು ಹೇಗೆ ಬಂದವು? ಅರ್ಧ ದಿನ ಸಾಕೇ?

ಉತ್ತರ: ಅರ್ಧ ದಿನ ಸಾಲದು, ಬೆಳಗ್ಗೆಯೇ ಹೊರಡಿ. ತುಲೂಸ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಇಳಿದವರೇ ಟಿಕೆಟ್ ಕೌಂಟರಿಗೆ ಓಡಬೇಡಿ. ಮೊದಲು ಟಾರ್ನ್ ನದಿಯ ಹಳೇ ಸೇತುವೆಯ ಮೇಲೆ ನಿಂತು ಅರಮನೆಯನ್ನು ಹೊರಗಿನಿಂದ ನೋಡಿ. ಕೆಂಪು ಇಟ್ಟಿಗೆಯ ಆ ಗೋಡೆ, ಆ ಬುರುಜು ಕಂಡರೆ ಯಾವನೋ ಪಾಳೇಗಾರನ ಕೋಟೆ ಅನ್ನಿಸುತ್ತದೆ. ‘ಬೆರ್ಬಿ’ ಎಂಬ ಅದರ ಹೆಸರೇನೋ ಸಾಧುವೇ: ಆ ಸೀಮೆಯ ಆಕ್ಸಿಟನ್ ನುಡಿಯಲ್ಲಿ ಬಿಷಪ್ಪರ ಮನೆಗಿದ್ದ ‘ಬಿಸ್ಬಿಯಾ’ ಎಂಬ ಮಾತು ಸವೆದು ‘ಬೆರ್ಬಿ’ ಆಗಿದೆ.

ಇದನ್ನು ಹೀಗೆ ಕಟ್ಟಿಸಿದ್ದು ಭಯ. ರೋಮಿನ ಚರ್ಚನ್ನು ಒಪ್ಪದ ಕ್ಯಾಥರ್ ಪಂಥ ಈ ಭಾಗದಲ್ಲಿ ಬೇರುಬಿಟ್ಟಿತ್ತು. ಅದನ್ನು ಅಡಗಿಸಲು 1209ರಿಂದ 1229ರವರೆಗೆ ನಡೆದ ಧರ್ಮಯುದ್ಧಕ್ಕೆ ಅಂಟಿಕೊಂಡದ್ದು ಆಲ್ಬಿಯ ಹೆಸರೇ. ಯುದ್ಧ ಮುಗಿದರೂ ಜನರ ಸಿಟ್ಟು ಆರಲಿಲ್ಲ. 1234ರಲ್ಲಿ, ಧರ್ಮದ್ರೋಹಿ ಎಂದು ತೀರ್ಮಾನವಾಗಿದ್ದವರ ಹೆಣವನ್ನು ಗೋರಿಯಿಂದ ಅಗೆಸಲು ಹೋದ ಚರ್ಚಿನ ವಿಚಾರಣಾಧಿಕಾರಿಯನ್ನು ಊರವರು ಹಿಡಿದು ಬಡಿದು, ನದಿಗೆ ಎಸೆಯಲೆಂದು ಎಳೆದುಕೊಂಡು ಹೋಗಿದ್ದರು. ಇಂಥ ಊರಿನಲ್ಲಿ ಬಿಷಪ್ಪರಿಗೆ ದಪ್ಪ ಗೋಡೆ ಬೇಕೆನಿಸಿದ್ದರಲ್ಲಿ ಆಶ್ಚರ್ಯವೇನು? ಬಿಷಪ್ ಡ್ಯುರಾನ್ ದ ಬೋಕೇರ್ ಶುರುಮಾಡಿದ್ದನ್ನು ನಂತರದ ಬಿಷಪ್ಪರು ಬೆಳೆಸಿದರು. ಬೆರ್ನಾರ್ ದ ಕಾಸ್ತಾನೆ ಅರಮನೆಯನ್ನು ಇನ್ನಷ್ಟು ಭದ್ರಪಡಿಸಿ, 1282ರಲ್ಲಿ ಪಕ್ಕದಲ್ಲೇ ಅಷ್ಟೇ ಬಿಗುಮಾನದ ಸಂತ ಸೆಸಿಲಿಯಾ ಕೆಥೆಡ್ರಲ್ಲಿಗೂ ಕೈಹಾಕಿದ. ಭಯ ಕರಗಿದ ಮೇಲೆ, 17ನೇ ಶತಮಾನದಲ್ಲಿ, ಕೋಟೆಯ ಅಂಗಳ ಹೂದೋಟವಾಯಿತು.

ಇನ್ನು ನರ್ತಕಿಯರ ವಿಚಾರ. 1905ರಲ್ಲಿ ಫ್ರಾನ್ಸ್ ಕಾನೂನು ಮಾಡಿ ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿತು. ಬಿಷಪ್ಪರು ಅರಮನೆ ಬಿಡಬೇಕಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, ಇದೇ ಊರಲ್ಲಿ ಹುಟ್ಟಿದ ಚಿತ್ರಕಾರ ಆನ್ರಿ ದ ತುಲೂಸ್-ಲೊತ್ರೆಕ್ 36ನೇ ವಯಸ್ಸಿಗೇ ತೀರಿಕೊಂಡಿದ್ದ. ದೊಡ್ಡ ಮನೆತನದ ಹುಡುಗ. ಹದಿಹರೆಯದಲ್ಲಿ ಎರಡೂ ಕಾಲು ಮುರಿದು ಬೆಳವಣಿಗೆ ನಿಂತಿತು. ಪ್ಯಾರಿಸ್ಸಿನ ಕುಣಿತದ ಮನೆಗಳನ್ನೂ ವೇಶ್ಯಾಗೃಹಗಳನ್ನೂ ಹೊಕ್ಕು ಅಲ್ಲಿಯವರನ್ನು ಬರೆದ. ಅವನ ಸ್ಟುಡಿಯೋದಲ್ಲಿ ಉಳಿದಿದ್ದ ರಾಶಿ ಚಿತ್ರಗಳ ಬಗ್ಗೆ ಪ್ಯಾರಿಸ್ಸಿನ ದೊಡ್ಡ ಸಂಗ್ರಹಾಲಯಗಳು ಮೂಗು ಮುರಿದವು. ಶಾಲಾ ಗೆಳೆಯ ಮೋರಿಸ್ ಜುವಾಯಾಂ, ತಾಯಿ ಅದೆಲ್ ಸೇರಿ ಅವನ್ನು ಹುಟ್ಟೂರಿಗೇ ಕೊಟ್ಟರು. ಊರಲ್ಲಿ ಖಾಲಿಯಾಗಿದ್ದ ಅರಮನೆಯಂತೂ ಇತ್ತು. 1922ರಲ್ಲಿ ಸಂಗ್ರಹಾಲಯ ತೆರೆಯಿತು. ರಾಜಧಾನಿಯ ಜಂಭದಿಂದ ಸಣ್ಣ ಊರಿಗೆ ಇಷ್ಟು ಲಾಭವಾದದ್ದು ಅಪರೂಪ. ಅವನ ಕೃತಿಗಳೇ ಸಾವಿರಕ್ಕೂ ಮಿಕ್ಕಿ ಇಲ್ಲಿವೆ, 31 ಪೋಸ್ಟರುಗಳೂ ಸೇರಿ.

ಪೋಸ್ಟರುಗಳನ್ನು ನೀವು ಎಲ್ಲೋ ಕಂಡೇ ಇರುತ್ತೀರಿ. ಇರುವ ಸಮಯವನ್ನು 1894ರ ಒಂದು ದೊಡ್ಡ ಚಿತ್ರಕ್ಕೆ ಕೊಡಿ: ಮೂಲಾಂ ಬೀದಿಯ ವೇಶ್ಯಾಗೃಹದ ಪಡಸಾಲೆ. ಕೆಂಪು ಸೋಫಾಗಳ ಮೇಲೆ ಹೆಂಗಸರು ಸುಮ್ಮನೆ ಕೂತಿದ್ದಾರೆ. ಯಾರೂ ಯಾರನ್ನೂ ನೋಡುತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿಗೆ ಕಾದವರ ಮುಖವೇ ಅದು. ಚಿತ್ರಕಾರ ಅವರನ್ನು ಬಯ್ಯುವುದೂ ಇಲ್ಲ, ಮರುಗುವುದೂ ಇಲ್ಲ. ನನಗಂತೂ ಅವನು ಬರೆದ ಪ್ಯಾರಿಸ್ಸಿನ ಕ್ಯಾಬರೆ ಮೂಲಾಂ ರೂಜ್‌ನ ಗದ್ದಲಕ್ಕಿಂತ ಇದೇ ದೊಡ್ಡದು.

ಅದನ್ನು ನೋಡಿದ ಕಣ್ಣಲ್ಲೇ ಪಕ್ಕದ ಕೆಥೆಡ್ರಲ್ಲಿಗೆ ಹೋಗಿ. ಪಶ್ಚಿಮದ ಗೋಡೆಯ ಮೇಲೆ 15ನೇ ಶತಮಾನದ ಕೊನೆಯ ‘ಅಂತಿಮ ತೀರ್ಪು’ ಚಿತ್ರವಿದೆ, ಲೋಕದ ಕೊನೆಯಲ್ಲಿ ಯೇಸು ಎಲ್ಲರ ಪಾಪಪುಣ್ಯ ತೂಗುವ ದೃಶ್ಯ. ಕೆಳಗೆ ಒಂದೊಂದು ಪಾಪಕ್ಕೂ ಒಂದೊಂದು ನರಕ; ಕಾಮಕ್ಕೂ ಬೆಂಕಿ ಕಾದಿದೆ. ಕ್ರೈಸ್ತರ ಲೆಕ್ಕದಲ್ಲಿ ಮಹಾಪಾಪಗಳು ಏಳು, ಎಣಿಸಿದರೆ ಸಿಗುವುದು ಆರು. ಮುಂದೊಂದು ಕಾಲದಲ್ಲಿ ಪೂಜಾಗೃಹವೊಂದಕ್ಕೆ ದಾರಿ ಮಾಡಲು ಗೋಡೆಯ ನಡುಭಾಗವನ್ನೇ ಒಡೆದುಬಿಟ್ಟರು. ತೀರ್ಪು ಕೊಡಬೇಕಿದ್ದ ಯೇಸುವೂ ಹೋದ, ಜೊತೆಗೆ ಸೋಮಾರಿಗಳ ನರಕವೂ.